ಸೆರಗಿನ ಕೆಂಪು, ಫೈಲಿನ ತೂಕ

ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿ ತೆನೆಗಳ ಸಾಲು ಇರುತ್ತದಲ್ಲ, ಅದರ ಅಂಚು ಪರದೆಯ ಮೇಲೆ ಚೂಪಾಗಿ ಕಾಣದಿದ್ದರೆ ಕೊಳ್ಳುವವರಿಗೆ ನೇಯ್ಗೆಯ ಗುಣ ತಿಳಿಯುವುದಿಲ್ಲ. ನೇಕಾರರ ಸೀರೆಗಳ ಫೋಟೊಗಳನ್ನು ಜಾಲತಾಣಕ್ಕೆ ಏರಿಸುವುದು ನನ್ನ ಕೆಲಸ. ನೆಟ್‌ವರ್ಕ್ ಸರಿಯಿಲ್ಲದ ಊರಲ್ಲೂ ಆ ಫೋಟೊ ತಟ್ಟನೆ ತೆರೆದುಕೊಳ್ಳಬೇಕು.

ಮೊದಲು ಅಳತೆ ಇಳಿಸಬೇಕು. ಮೊಬೈಲಿನ ಫೋಟೊ ಸಾಮಾನ್ಯವಾಗಿ 4000 ಪಿಕ್ಸೆಲ್ ಅಗಲ, 3000 ಎತ್ತರ. ಪುಟದಲ್ಲಿ ಅದಕ್ಕೆ ಸಿಗುವ ಜಾಗ 1200 ಅಗಲವಾದರೆ ಅಷ್ಟಕ್ಕೇ ತನ್ನಿ. ಪಿಕ್ಸೆಲ್‌ಗಳು ಹನ್ನೊಂದರಲ್ಲಿ ಒಂದು ಪಾಲಾಗುತ್ತವೆ. ಬಹಳ ಮಂದಿ ಇದನ್ನು ಬಿಟ್ಟು ನೇರವಾಗಿ ಫೋಟೊ ಉಳಿಸುವಾಗಿನ ಕ್ವಾಲಿಟಿ ಸಂಖ್ಯೆಗೆ ಕೈಹಾಕುತ್ತಾರೆ.

ಫೋಟೊಗಳ ಸಾಮಾನ್ಯ ಫೈಲ್ ಬಗೆಯಾದ ಜೆಪೆಗ್, ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ನಿಧಾನವಾಗಿ ಬದಲಾಗುವುದೆಷ್ಟು, ಸರಸರನೆ ಬದಲಾಗುವ ನವಿರು ವಿವರವೆಷ್ಟು ಎಂದು ಬೇರ್ಪಡಿಸುತ್ತದೆ. ಕಣ್ಣಿಗೆ ನಿಲುಕದ ನವಿರನ್ನು ಕೈಬಿಡುತ್ತದೆ. ಈ ಬೇರ್ಪಡಿಸುವ ಗಣಿತವೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದು ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರ ಕಲ್ಪನೆ. 1972ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ ಬಳಿ ಧನಸಹಾಯ ಕೇಳಿದರು, ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ದುಡಿದು 1974ರಲ್ಲಿ ಪ್ರಕಟಿಸಿದರು. ಅಹ್ಮದ್ ಅವರ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿ ಇರಬೇಕೆಂಬುದು ನನ್ನ ಆಸೆ.

ನವಿರನ್ನು ಎಷ್ಟು ಕೈಬಿಡಬೇಕೆಂದು ಹೇಳುವ ಕ್ವಾಲಿಟಿಯನ್ನು 80ರ ಆಸುಪಾಸಿನಲ್ಲಿಟ್ಟರೆ ಒಡಲಿನ ಚೌಕಳಿ, ಅಂಚಿನ ಗೆರೆ ಚೆನ್ನಾಗಿಯೇ ಉಳಿಯುತ್ತವೆ. ತೊಡಕು ಬರುವುದು ಕೆಂಪಿನಲ್ಲಿ. ನಮ್ಮ ಕಣ್ಣು ಬೆಳಕಿನ ಏರಿಳಿತಕ್ಕೆ ಚುರುಕು, ಬಣ್ಣದ ಏರಿಳಿತಕ್ಕೆ ಮಂದ. ಹಾಗಾಗಿ ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಉಳಿಸಿಕೊಳ್ಳುತ್ತದೆ. ಮುಖ, ಗಿಡಮರಗಳಲ್ಲಿ ಇದು ಗೊತ್ತೇ ಆಗದು. ಬಿಳಿ ತೆನೆಯ ಪಕ್ಕದಲ್ಲಿ ಮಾತ್ರ ಕೆಂಪು ಹರಡಿಕೊಳ್ಳುತ್ತದೆ. ಸೀರೆ ಬಣ್ಣ ಬಿಡುತ್ತದೆಂದು ಗಿರಾಕಿ ಭಾವಿಸಿದರೆ ಪೆಟ್ಟು ಬೀಳುವುದು ನೇಕಾರರಿಗೆ. ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎಂಬ ಈ ಉಳಿತಾಯವನ್ನು ಸ್ಕ್ವೂಶ್‌ನಂಥ ಉಚಿತ ತಂತ್ರಾಂಶದಲ್ಲಿ ತೆಗೆದುಹಾಕಬಹುದು. ಮೂಲವನ್ನೂ ಇಳಿಸಿದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದರಿಂದ ನನಗದು ಅಚ್ಚುಮೆಚ್ಚು. ಫೈಲು ತುಸು ದೊಡ್ಡದಾಗುತ್ತದೆ, ಆಗಲಿ.

ಗೂಗಲ್ 2010ರಲ್ಲಿ ತಂದ ವೆಬ್‌ಪಿ ಎಂಬ ಫೈಲ್ ಬಗೆ ಇನ್ನೂ ಹಗುರ. ಆದರೆ ವಿವರ ಕೈಬಿಟ್ಟು ಕುಗ್ಗಿಸುವ ಅದರ ಬಗೆಯಲ್ಲಿ ಬಣ್ಣದ ಕಡಿತ ತಪ್ಪದು. ಅದಕ್ಕೇ ಸೆರಗಿನ ಹತ್ತಿರದ ನೋಟಕ್ಕೆ ಜೆಪೆಗ್, ಇಡೀ ಸೀರೆಯ ನೋಟಕ್ಕೆ ವೆಬ್‌ಪಿ ಬಳಸುತ್ತೇನೆ. ಅಕ್ಷರಗಳೇ ತುಂಬಿದ ಬೆಲೆಪಟ್ಟಿಗೆ ಪಿಎನ್‌ಜಿ. ಮೂಲ ಫೋಟೊವನ್ನು ಮಾತ್ರ ಅಳಿಸಬೇಡಿ. ಒಮ್ಮೆ ಇಳಿಸಿದ ಜೆಪೆಗನ್ನು ತಿದ್ದಿ ಮತ್ತೆ ಉಳಿಸಿದಾಗ ಇನ್ನಷ್ಟು ವಿವರ ಕಳೆದುಹೋಗುತ್ತದೆ.