ಇಲ್ಲದ ಯಂತ್ರದಲ್ಲಿ ಇದ್ದ ಬಿರುಕು

ಕೂಕಲ್ತೊರೈಯಂತಹ ಬೆಟ್ಟದೂರಿನಲ್ಲಿ ಕುಳಿತು ಮಕ್ಕಳ ಪರೀಕ್ಷಾ ಫಲಿತಾಂಶವನ್ನೋ ಬ್ಯಾಂಕಿನ ಲೆಕ್ಕವನ್ನೋ ಮೊಬೈಲಿನಲ್ಲಿ ನೋಡುತ್ತೇವೆ. ಅಂತಹ ಮಾಹಿತಿ ಅನೇಕ ವೇಳೆ ದೂರದ ಕಂಪ್ಯೂಟರೊಂದರಲ್ಲಿ, ಗುರುತಿಲ್ಲದ ಇತರರ ಮಾಹಿತಿಯ ಪಕ್ಕದಲ್ಲಿಯೇ ಇರುತ್ತದೆ. ಒಂದೇ ಮನೆಯೊಳಗೆ ಗೋಡೆಯೆಬ್ಬಿಸಿ ಹಲವು ಬಿಡಾರಗಳನ್ನು ಮಾಡುವಂತೆ, ಒಂದೇ ಕಂಪ್ಯೂಟರನ್ನು ತಂತ್ರಾಂಶದ ಬಲದಿಂದ ಹಲವು ಕಂಪ್ಯೂಟರುಗಳಂತೆ ನಡೆಸಬಹುದು. ಅವುಗಳಿಗೆ ವರ್ಚುವಲ್ ಮೆಷಿನ್ ಎಂದು ಹೆಸರು.

ಪ್ರತಿ ಬಿಡಾರಕ್ಕೂ ತನ್ನದೇ ಡಿಸ್ಕ್, ಕೀಲಿಮಣೆ, ನೆಟ್‌ವರ್ಕ್ ಕಾರ್ಡ್ ಇರುವಂತೆ ತೋರುತ್ತದೆ. ವಾಸ್ತವದಲ್ಲಿ ಅವು ಯಂತ್ರಗಳಂತೆ ನಟಿಸುವ ಪ್ರೋಗ್ರಾಮುಗಳು. ಆ ನಟನೆಯಲ್ಲಿ ದೋಷವಿದ್ದರೆ ಗೋಡೆಯೇ ಬಿರಿಯುತ್ತದೆ.

2015ರ ಮೇ ತಿಂಗಳಲ್ಲಿ ಇಂತಹ ಬಿರುಕೊಂದು ಬೆಳಕಿಗೆ ಬಂದಿತು. ಕ್ಯೂಎಂಯು ಎಂಬ ತಂತ್ರಾಂಶದ ನಟನೆಯ ಫ್ಲಾಪಿ ನಿಯಂತ್ರಕದಲ್ಲಿದ್ದ ದೋಷವನ್ನು ಜೇಸನ್ ಗೆಫ್ನರ್ ಪತ್ತೆಹಚ್ಚಿದರು. ಅದಕ್ಕೆ 'ವೆನಮ್' ಎಂದು ಹೆಸರಾಯಿತು. ಆದೇಶಗಳನ್ನು ತುಂಬಿಡುವ 512 ಬೈಟುಗಳ ಪಾತ್ರೆ ಕೆಲವು ಆದೇಶಗಳ ನಂತರ ಬರಿದಾಗುತ್ತಿರಲಿಲ್ಲ. ತುಂಬುತ್ತ ಹೋದರೆ ಹೊರಗೆ ಚೆಲ್ಲುತ್ತಿತ್ತು. ಒಂದು ಬಿಡಾರದಲ್ಲಿರುವವನು ಆ ದಾರಿಯಿಂದ ಇಡೀ ಮನೆಯನ್ನು ವಶಪಡಿಸಿಕೊಳ್ಳುವ ಅಪಾಯವಿತ್ತು. ಫ್ಲಾಪಿಯ ಬಳಕೆ ಬಹುಮಟ್ಟಿಗೆ ನಿಂತುಹೋಗಿದ್ದರೂ ಈ ದೋಷ 2004ರಿಂದ ಅಲ್ಲಿಯೇ ಅಡಗಿತ್ತು.

ಯಾರೂ ನೋಡದ ಮೂಲೆಗಳನ್ನು ತಡಕುವ ಉಪಾಯವೇ ಫಝ್ ಪರೀಕ್ಷೆ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್, ಬಿರುಗಾಳಿಯ ರಾತ್ರಿಯೊಂದರಲ್ಲಿ ದೂರವಾಣಿ ತಂತಿಯ ಮೂಲಕ ಕಂಪ್ಯೂಟರ್ ಬಳಸುತ್ತಿದ್ದರು. ತಂತಿಯ ಗದ್ದಲದಿಂದ ಅಡ್ಡಾದಿಡ್ಡಿ ಅಕ್ಷರಗಳು ನುಸುಳಿದವು, ಪ್ರೋಗ್ರಾಮುಗಳು ಕುಸಿದವು. ಅದನ್ನೇ ಅವರು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಟ್ಟರು. ಯುನಿಕ್ಸ್‌ನ ಸಣ್ಣ ಪ್ರೋಗ್ರಾಮುಗಳಲ್ಲಿ ಶೇಕಡಾ 25ರಿಂದ 33ರಷ್ಟು ಇಂತಹ ಅರ್ಥಹೀನ ಅಕ್ಷರಗಳಿಗೆ ಸೋತವೆಂದು 1990ರಲ್ಲಿ ಪ್ರಕಟವಾಯಿತು.

ನಟನೆಯ ಸಾಧನಗಳ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಸಾಧನವು ಹಿಂದಿನ ಆದೇಶವನ್ನು ನೆನಪಿನಲ್ಲಿಡುವುದರಿಂದ ಆದೇಶಗಳ ಅನುಕ್ರಮವೂ ಮುಖ್ಯ. ಪರೀಕ್ಷಕ ತಂತ್ರಾಂಶವು ಯಾದೃಚ್ಛಿಕ ಆದೇಶಗಳನ್ನು ಕಳುಹಿಸುತ್ತದೆ. ಪ್ರೋಗ್ರಾಮಿನೊಳಗೆ ಹೊಸ ಹಾದಿಯನ್ನು ತೆರೆದ ಆದೇಶಮಾಲೆಯನ್ನು ಕಾದಿರಿಸಿ, ಕೊಂಚ ಬದಲಿಸಿ, ಮತ್ತೆ ಕಳುಹಿಸುತ್ತದೆ. ಕುಸಿತ ಉಂಟಾದರೆ ಆ ಮಾಲೆಯೇ ದುರಸ್ತಿಗೆ ಸುಳಿವಾಗುತ್ತದೆ. ಕ್ಯೂಎಂಯುವಿನ ಸಾಧನಗಳಿಗೆ 2020ರಿಂದ ಇಂತಹ ಪರೀಕ್ಷೆ ನಿರಂತರವಾಗಿ ನಡೆಯುತ್ತಿದೆ. ಕುಸಿತ ಕಾಣಲಿಲ್ಲವೆಂದ ಮಾತ್ರಕ್ಕೆ ದೋಷವೇ ಇಲ್ಲವೆಂದಲ್ಲ. ಆದುದರಿಂದಲೇ ಈ ಕೆಲಸಕ್ಕೆ ಕೊನೆಯಿಲ್ಲ.

ಇದರ ಮೂಲತತ್ತ್ವವನ್ನು ಶಾಲಾ ಮಕ್ಕಳೂ ಪರೀಕ್ಷಿಸಬಹುದು. ಎರಡು ಸಂಖ್ಯೆಗಳನ್ನು ಕೂಡಿಸುವ ಪುಟ್ಟ ಪ್ರೋಗ್ರಾಮನ್ನು ಬರೆದು, ಸಂಖ್ಯೆಯ ಬದಲು ಕನ್ನಡ ಅಕ್ಷರವನ್ನೋ ಖಾಲಿ ಜಾಗವನ್ನೋ ಕೊಟ್ಟು ನೋಡಲಿ. ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ ಸಾಲದು, ತಪ್ಪು ಪ್ರಶ್ನೆಯ ಮುಂದೆಯೂ ಪ್ರೋಗ್ರಾಮು ಕುಸಿಯದೆ ನಿಲ್ಲಬೇಕು ಎಂಬುದು ಆಗ ಅವರಿಗೆ ತಾನಾಗಿಯೇ ತಿಳಿಯುತ್ತದೆ.