ಎರಡೇ ನಿಮಿಷದ ವಿಮಾನ ಪ್ರಯಾಣ

ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದೀರಿ. ಅದು ಕುದಿ ಬರುವುದರೊಳಗೆ ವಿಮಾನವೊಂದು ಒಂದು ನಿಲ್ದಾಣದಿಂದ ಹಾರಿ, ಸಮುದ್ರ ದಾಟಿ, ಇನ್ನೊಂದು ನಿಲ್ದಾಣದಲ್ಲಿ ಇಳಿದುಬಿಡುತ್ತದೆ ಎಂದರೆ ನಂಬುವಿರಾ? ಇದು ಕತೆಯಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳಲ್ಲಿ ಇದು ದಿನನಿತ್ಯದ ಸಂಗತಿ.

ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಿಲ್ದಾಣಗಳ ನಡುವಿನ ಅಂತರ ಸುಮಾರು 2.7 ಕಿಲೋಮೀಟರ್ ಮಾತ್ರ. ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಇಟ್ಟಿರುವ ಸಮಯ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದಾಗ 53 ಸೆಕೆಂಡುಗಳಲ್ಲೇ ತಲುಪಿದ ದಾಖಲೆಯೂ ಇದೆ. ನಿತ್ಯ ಸಂಚಾರದ ವಿಮಾನಗಳ ಪೈಕಿ ಜಗತ್ತಿನಲ್ಲೇ ಅತಿ ಚಿಕ್ಕ ಪ್ರಯಾಣ ಇದು. ಲೋಗನ್‌ಏರ್ ಸಂಸ್ಥೆ 1967ರಲ್ಲಿ ಈ ಸೇವೆಯನ್ನು ಆರಂಭಿಸಿತು.

ಇಷ್ಟು ಹತ್ತಿರಕ್ಕೆ ವಿಮಾನವೇಕೆ?

ಈ ಪ್ರಶ್ನೆ ಸಹಜ. ಓರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್. ದೊಡ್ಡ ಆಸ್ಪತ್ರೆ, ಕಚೇರಿಗಳು, ಅಂಗಡಿಗಳು ಎಲ್ಲವೂ ಅಲ್ಲಿವೆ. ವಿಮಾನ ಅಲ್ಲಿಂದ ಹೊರಟು, ನಮ್ಮೂರಿನ ಬಸ್ಸಿನಂತೆ ಒಂದೊಂದು ದ್ವೀಪದಲ್ಲಿ ನಿಂತು ಹೋಗುತ್ತದೆ. ಆ ಎರಡು ನಿಮಿಷದ ಹಾರಾಟ ಈ ಸುತ್ತಿನ ಒಂದು ತುಣುಕು ಅಷ್ಟೇ. ಕರ್ಕ್‌ವಾಲ್‌ನಿಂದ ವೆಸ್ಟ್ರೇಗೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ ಬೇಕು. ವಿಮಾನದಲ್ಲಾದರೆ ಕಾಲು ಗಂಟೆಯ ಆಸುಪಾಸು. ಎರಡು ದ್ವೀಪಗಳ ನಡುವೆ ದೋಣಿಯೂ ಇದೆ. ಆದರೆ ಚಳಿಗಾಲದ ಬಿರುಗಾಳಿಗೆ ಸಮುದ್ರ ಉಕ್ಕಿದರೆ ದೋಣಿಯನ್ನು ನಂಬುವಂತಿಲ್ಲ. ದಟ್ಟ ಮಂಜು ಕವಿದರೆ ವಿಮಾನವೂ ಕಾಯಬೇಕಾಗುತ್ತದೆ.

ವಿಮಾನವೂ ಪುಟ್ಟದೇ. ಎರಡು ಇಂಜಿನ್‌ಗಳ 'ಐಲ್ಯಾಂಡರ್'ನಲ್ಲಿ ಎಂಟು ಮಂದಿ ಕುಳಿತುಕೊಳ್ಳಬಹುದು. ಗಗನಸಖಿ ಇಲ್ಲ, ಉಪಾಹಾರವಿಲ್ಲ. ಚಿಕ್ಕ ಓಡುಹಾದಿಯಲ್ಲೂ ಏರಿ ಇಳಿಯಬಲ್ಲದು ಎಂಬುದೇ ಅದರ ಹೆಚ್ಚುಗಾರಿಕೆ.

ಯಾರಿಗಾಗಿ?

2011ರ ಜನಗಣತಿಯಂತೆ ಪಾಪಾ ವೆಸ್ಟ್ರೇಯ ಜನಸಂಖ್ಯೆ ಕೇವಲ 90. ನಮ್ಮಲ್ಲಿ ಒಂದು ಮದುವೆಯ ಪಂಕ್ತಿಗೂ ಸಾಲದಷ್ಟು ಜನ! ಆದರೂ ಅಲ್ಲಿ ಮಾನವ ವಾಸಕ್ಕೆ ಐದು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಷ್ಟು ಹಳೆಯ ಕಲ್ಲಿನ ಮನೆಯ ಗೋಡೆಗಳು ಇಂದಿಗೂ ನಿಂತಿವೆ. ಈ ಬದುಕು ಮುಂದುವರಿಯಬೇಕಾದರೆ ವೈದ್ಯರು ಬರಬೇಕು, ಶಿಕ್ಷಕರು ಬರಬೇಕು, ರೋಗಿಗಳು ಆಸ್ಪತ್ರೆ ತಲುಪಬೇಕು. ಈ ವಿಮಾನ ಮಾಡುತ್ತಿರುವುದು ಅದನ್ನೇ. ದ್ವೀಪದಿಂದ ದ್ವೀಪಕ್ಕೆ ಹೋಗಿ ಜನರಿಗೆ ಬ್ಯಾಂಕ್ ಸೇವೆ ಒದಗಿಸುತ್ತಿದ್ದ ಮಹಿಳೆಯೊಬ್ಬರು ಸಾವಿರಾರು ಬಾರಿ ಈ ವಿಮಾನಗಳಲ್ಲಿ ಹಾರಿದ್ದಾರೆ.

ಇಷ್ಟು ಕಡಿಮೆ ಜನರಿಂದ ಬರುವ ಟಿಕೆಟ್ ಹಣದಿಂದಲೇ ವಿಮಾನ ಓಡಿಸಲಾಗದು. ಹಾಗಾಗಿ ಸ್ಥಳೀಯ ಆಡಳಿತ ಈ ಸೇವೆಗೆ ಹಣ ನೀಡುತ್ತದೆ. ಲಾಭ ನಷ್ಟವನ್ನಷ್ಟೇ ಲೆಕ್ಕ ಹಾಕಿದ್ದರೆ ಇದು ಎಂದೋ ನಿಂತುಹೋಗುತ್ತಿತ್ತು.

ದೂರವನ್ನು ನಾವು ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಆದರೆ ಹೆರಿಗೆಯ ದಿನ ಹತ್ತಿರವಾದ ತಾಯಿಗೆ, ಜ್ವರದಲ್ಲಿ ನರಳುವ ಮಗುವಿಗೆ ದೂರದ ಅಳತೆಯೇ ಬೇರೆ. ನೆರವು ಎಷ್ಟು ಹೊತ್ತಿಗೆ ಬಂದು ತಲುಪುತ್ತದೆ ಎಂಬುದೇ ಅವರಿಗೆ ಮುಖ್ಯ. ಹೊಳೆ ದಾಟಲು ದೋಣಿಗಾಗಿ ಕಾದು ಕುಳಿತ ಅನುಭವವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.