ನೆರವಿನ ಲೆಕ್ಕ, ನಮ್ಮ ಲೆಕ್ಕ

ಬ್ರಿಟನ್ನಿನಲ್ಲಿ ದುಡಿಯುವ ನಮ್ಮಂಥ ಕನ್ನಡಿಗರಿಗೆ ಊಟದ ಬಿಡುವಿನಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: 'ನಮ್ಮ ತೆರಿಗೆ ಹಣವೆಲ್ಲ ನಿಮ್ಮಂಥ ದೇಶಗಳಿಗೆ ಹೋಗುತ್ತಿದೆ.' ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ಲೆಕ್ಕ ಹೇಳುತ್ತೇವೆ. ಆ ತೆರಿಗೆಯನ್ನು ನಾವೂ ಕಟ್ಟುತ್ತೇವಲ್ಲ!

ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಅಭಿವೃದ್ಧಿಶೀಲ ದೇಶಗಳಿಗೆ ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆ ಗುರಿ ಹಾಕಿದ್ದು 1970ರಲ್ಲಿ. ಅಂದರೆ ನೂರು ರೂಪಾಯಿ ದುಡಿಮೆಗೆ ಎಪ್ಪತ್ತು ಪೈಸೆ. ನೆರವು ನೀಡುವ ಒಇಸಿಡಿ ದೇಶಗಳ ಪೈಕಿ 2024ರಲ್ಲಿ ಈ ಗುರಿ ಮುಟ್ಟಿದ್ದು ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್ ಮತ್ತು ಡೆನ್ಮಾರ್ಕ್ ಮಾತ್ರ.

ಮೊತ್ತ ನೋಡಿದರೆ ಚಿತ್ರವೇ ಬೇರೆ. ಆ ವರ್ಷ ಅಮೆರಿಕ ಎಲ್ಲರಿಗಿಂತ ಹೆಚ್ಚು, ಸುಮಾರು 6,300 ಕೋಟಿ ಡಾಲರ್ ಕೊಟ್ಟಿತು. ಆದರೆ ಅದು ತನ್ನ ನೂರು ರೂಪಾಯಿ ಆದಾಯದಲ್ಲಿ ತೆಗೆದಿಟ್ಟದ್ದು 22 ಪೈಸೆ. ನಾರ್ವೆ ಒಂದು ರೂಪಾಯಿಗೂ ತುಸು ಹೆಚ್ಚು. ಚಂದಾ ಪಟ್ಟಿಯಲ್ಲಿ ದೊಡ್ಡ ಮೊತ್ತ ಬರೆಸಿದವರೆಲ್ಲ ಕೈಬಿಚ್ಚಿ ಕೊಟ್ಟವರಲ್ಲ ಎಂಬುದು ಊರ ಜಾತ್ರೆ ಕಂಡ ನಮಗೆ ಹೊಸತಲ್ಲ.

ಬ್ರಿಟನ್ 2013ರಲ್ಲಿ ಗುರಿ ಮುಟ್ಟಿ, 2015ರಲ್ಲಿ ಅದಕ್ಕೊಂದು ಕಾನೂನನ್ನೂ ಮಾಡಿತ್ತು. ಕೋವಿಡ್ ಕಾರಣ ನೀಡಿ 2021ರಲ್ಲಿ ಶೇ 0.5ಕ್ಕೆ ಇಳಿಸಿತು. ರಕ್ಷಣಾ ವೆಚ್ಚ ಹೆಚ್ಚಿಸಲು 2027ರ ವೇಳೆಗೆ ಶೇ 0.3ಕ್ಕೆ ತರುವುದಾಗಿ 2025ರ ಫೆಬ್ರುವರಿಯಲ್ಲಿ ಘೋಷಿಸಿತು. ಉಳಿದದ್ದೂ ಪೂರ್ತಿ ಹೊರಗೆ ಹೋಗುವುದಿಲ್ಲ. ಆಶ್ರಯ ಕೋರಿ ಬಂದವರಿಗೆ ಮೊದಲ ವರ್ಷ ದೇಶದೊಳಗೇ ಮಾಡುವ ಖರ್ಚನ್ನೂ ನೆರವೆಂದು ಎಣಿಸಲು ಅವಕಾಶವಿದೆ. 2023ರಲ್ಲಿ ಬ್ರಿಟನ್ನಿನ ನೆರವಿನ ಕಾಲು ಭಾಗಕ್ಕಿಂತ ಹೆಚ್ಚು ಹೀಗೆ ಇಲ್ಲೇ ಖರ್ಚಾಯಿತು. ಇನ್ನು ಭಾರತ ಸರ್ಕಾರಕ್ಕೆ ಕೊಡುತ್ತಿದ್ದ ಹಣಕಾಸು ನೆರವನ್ನು ಬ್ರಿಟನ್ 2015ರಲ್ಲೇ ನಿಲ್ಲಿಸಿದೆ. ಈಗ ಭಾರತವೇ ಭೂತಾನ್, ನೇಪಾಳಗಳಿಗೆ ನೆರವು ನೀಡುತ್ತಿದೆ.

ಹಾಗಾದರೆ ಭಾರತಕ್ಕೆ ಬರುವ ಹಣ ಯಾರದು? ವಿಶ್ವಬ್ಯಾಂಕ್ ಅಂದಾಜಿನಂತೆ 2024ರಲ್ಲಿ ಹೊರದೇಶಗಳಲ್ಲಿ ದುಡಿಯುವವರು ಭಾರತಕ್ಕೆ ಕಳಿಸಿದ್ದು ಸುಮಾರು 12,900 ಕೋಟಿ ಡಾಲರ್. ಅದೇ ವರ್ಷ ಒಇಸಿಡಿ ದೇಶಗಳು ಇಡೀ ಜಗತ್ತಿಗೆ ಕೊಟ್ಟ ನೆರವು ಸುಮಾರು 21,200 ಕೋಟಿ ಡಾಲರ್. ನೀವು ಮನೆಯಲ್ಲಿ ಎಣಿಸಿಕೊಳ್ಳುವ ಹಣ ಯಾರ ದಾನವೂ ಅಲ್ಲ. ಮರಳುಗಾಡಿನ ಬಿಸಿಲಲ್ಲೋ ಆಸ್ಪತ್ರೆಯ ರಾತ್ರಿ ಪಾಳಿಯಲ್ಲೋ ದುಡಿದದ್ದು. 200 ಡಾಲರ್ ಕಳಿಸಿದರೆ ಜಾಗತಿಕ ಸರಾಸರಿಯಲ್ಲಿ ಶೇ 6ಕ್ಕಿಂತ ಹೆಚ್ಚು ದಾರಿಯಲ್ಲೇ ಕರಗುತ್ತದೆ. ಅದನ್ನು 2030ರೊಳಗೆ ಶೇ 3ಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ. ಶ್ರೀಮಂತ ದೇಶಗಳು ಇಷ್ಟು ಮಾಡಿಸಿದರೂ ಅದು ದೊಡ್ಡ ಉಪಕಾರವೇ.

ಆದರೂ ನೆರವು ಬೇಡವೆನ್ನಲು ನಮಗೆ ಮನಸ್ಸಿಲ್ಲ. ನಾವು ಕಳಿಸುವ ಹಣ ನಮ್ಮ ಮನೆಬಾಗಿಲಿಗೇ ಬರುತ್ತದೆ. ಹೊರದೇಶದಲ್ಲಿ ಯಾರೂ ಇಲ್ಲದ ಆಫ್ರಿಕಾದ ಹಳ್ಳಿಯ ಮಗುವಿಗೆ ಲಸಿಕೆ ತಲುಪಬೇಕಾದರೆ ಯಾವುದೋ ಸರ್ಕಾರ ಆ ಎಪ್ಪತ್ತು ಪೈಸೆಯನ್ನು ತೆಗೆದಿಡಲೇಬೇಕು. ಊಟದ ಬಿಡುವಿನಲ್ಲಿ ನಾವು ಕೊನೆಗೆ ಹೇಳುವುದೂ ಇದನ್ನೇ.